ವಿಮೋಚಿತಾವಾಸ: ನಂದಿಬೆಟ್ಟದ ಹಳೆಯ ಬಂಗಲೆಗಳನ್ನು ಕುರಿತು

ನಂದಿಬೆಟ್ಟದ ನೆತ್ತಿಯ ಮೇಲೆ ಕಂಪನಿ ಆಳ್ವಿಕೆಯ ಕಾಲದಿಂದ ಉಳಿದುಬಂದಿರುವ ಬಂಗಲೆಗಳು ಈಗ ಅತಿಥಿಗೃಹಗಳಾಗಿವೆ. ಅವುಗಳಲ್ಲೊಂದರಲ್ಲಿ ಈಚೆಗೆ ಒಂದು ರಾತ್ರಿ ತಂಗಿದ್ದೆ. ಸೂರ್ಯೋದಯವನ್ನು ನೋಡಬೇಕೆಂಬುದು ನನ್ನ ಮುಖ್ಯ ಉದ್ದೇಶವಾಗಿರಲಿಲ್ಲ. ನಂದಿಯ ಬಳಿಯ ಗೋಪಿನಾಥ ಗುಡ್ಡದ ಜೈನ ಶಾಸನವನ್ನು ಕುರಿತು ಬಹುದಿನಗಳಿಂದ ಯೋಚಿಸುತ್ತಿದ್ದ ನನಗೆ, ಆ ಶಾಸನ ಹುಟ್ಟಿದ ಗಿರಿಪರಿಸರದಲ್ಲಿ ಒಂದು ರಾತ್ರಿಯಾದರೂ ಇದ್ದು ಬರಬೇಕೆನಿಸಿತ್ತು.

ನಸುಕಿನಲ್ಲಿ ಬಾಗಿಲು ತೆರೆದಾಗ ಮಂಜು ಜಗಲಿಯವರೆಗೂ ಬಂದಿತ್ತು. ಸ್ವಲ್ಪ ಹೊತ್ತಿಗೆಲ್ಲ ಬೆಂಗಳೂರಿನ ಕಡೆಯಿಂದ ಬಂದ ತರುಣ ತರುಣಿಯರ ಗುಂಪುಗಳು ಮೇಲೇರತೊಡಗಿದವು. ಹಾದುಹೋಗುತ್ತಿದ್ದ ಹುಡುಗನೊಬ್ಬ ಜಗಲಿಯಲ್ಲಿ ನಿಂತಿದ್ದ ನನ್ನನ್ನು ಕಂಡು, "ಸಾರ್, ಇದು ಯಾರ ಮನೆ?" ಎಂದು ಕೇಳಿದ. "ಅತಿಥಿಗೃಹವಪ್ಪ" ಎಂದೆ. ಅವನು ತಲೆಯಾಡಿಸಿ ಮುಂದೆ ಹೋದ. ನನ್ನ ಉತ್ತರ ಸುಳ್ಳಾಗಿರಲಿಲ್ಲ. ಆದರೆ ಅವನು ಕೇಳಿದ್ದು ಕಟ್ಟಡದ ಬಳಕೆಯನ್ನಲ್ಲ, ಅದರ ಒಡೆತನವನ್ನು. ಆ ಪ್ರಶ್ನೆಗೆ ಸರಿಯಾದ ಉತ್ತರವೇನು ಎಂಬ ಚಿಂತನೆಯಿಂದ ಈ ಲೇಖನ ಹುಟ್ಟಿತು.

ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿರುವ ಈ ಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಇಂದಿನ ಪ್ರವಾಸಿಗೆ ಇದು ಮಂಜು, ಮೋಡ ಮತ್ತು ಮುಂಜಾವಿನ ತಾಣ. ಇತಿಹಾಸದ ವಿದ್ಯಾರ್ಥಿಗೆ ಇದು ಹಲವು ಪದರಗಳ ಕಡತ. ಗಂಗ ಅರಸರು ತಮ್ಮನ್ನು ಕುವಳಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡರು. ಆ ನಂದಗಿರಿ ಇದೇ ಬೆಟ್ಟವೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಬುಡದ ನಂದಿಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಪ್ರಾಚೀನ ಇತಿಹಾಸವು ಬಾಣ ವಂಶದ ರಾಣಿ ರತ್ನಾವಳಿಯ ಹೆಸರಿನೊಂದಿಗೆ ಕೂಡಿಕೊಂಡಿದೆ. ನೆತ್ತಿಯ ಮೇಲೆ ಯೋಗನಂದೀಶ್ವರನಿದ್ದಾನೆ. ಪಾಳೆಯಗಾರರ ಕೋಟೆಯನ್ನು ಹೈದರ್ ಮತ್ತು ಟಿಪ್ಪು ಬಲಪಡಿಸಿದರು. 1791ರ ಅಕ್ಟೋಬರಿನಲ್ಲಿ ಅದು ಕಾರ್ನ್‌ವಾಲಿಸನ ಸೇನೆಯ ವಶವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ಮತ್ತು ಅವನ ಅಧಿಕಾರಿಗಳು ಇದನ್ನು ಬೇಸಗೆಯ ಬಿಡಾರವನ್ನಾಗಿ ಮಾಡಿಕೊಂಡರು. ಆ ಕಾಲದ ಬಂಗಲೆಗಳೇ ಮುಂದೆ ಸರ್ಕಾರದ ಅತಿಥಿಗೃಹಗಳಾಗಿ, ಗಾಂಧಿ ಮತ್ತು ನೆಹರೂ ಅವರ ಹೆಸರುಗಳನ್ನು ಪಡೆದವು.

ಗಾಂಧೀಜಿಯವರ ಹೆಸರಿಗೆ ಸಕಾರಣವಿದೆ. 1927ರಲ್ಲಿ ರಕ್ತದೊತ್ತಡದಿಂದ ಆರೋಗ್ಯ ಕುಸಿದಾಗ, ವೈದ್ಯರು ವಿಶ್ರಾಂತಿಯನ್ನು ವಿಧಿಸಿದ್ದರಿಂದ ಅವರು ಏಪ್ರಿಲ್ ತಿಂಗಳಿನಿಂದ ಸುಮಾರು ಒಂದೂವರೆ ತಿಂಗಳು ಮೈಸೂರು ಸಂಸ್ಥಾನದ ಅತಿಥಿಯಾಗಿ ಇಲ್ಲಿದ್ದರು. 1936ರಲ್ಲಿ ಮತ್ತೆ ಅದೇ ಕಾರಣಕ್ಕೆ ಬಂದರು. ಅರ್ಧ ಶತಮಾನದ ನಂತರ, 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ಕ್ ಶೃಂಗಸಭೆಯ ಸಂದರ್ಭದಲ್ಲಿ ದಕ್ಷಿಣ ಏಷ್ಯಾದ ನಾಯಕರೂ ಈ ಬೆಟ್ಟಕ್ಕೆ ಬಂದರು. ಒಟ್ಟಿನಲ್ಲಿ ಇದು ಶಾಶ್ವತವಾಗಿ ನೆಲೆಸುವವರ ಬೆಟ್ಟವಲ್ಲ. ಬಂದು, ಕೆಲವು ಕಾಲವಿದ್ದು, ಹೋಗುವವರ ಬೆಟ್ಟ. ಇಲ್ಲಿಯ ಒಂದೊಂದು ಕಟ್ಟಡವೂ ಯಾರೋ ಬಿಟ್ಟುಹೋದದ್ದು.

ಬಿಟ್ಟುಹೋದವರ ಮನೆಯಲ್ಲಿ ತಂಗುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ಪರಂಪರೆ ಬಹಳ ಹಿಂದೆಯೇ ಎತ್ತಿಕೊಂಡಿತ್ತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ದಿಗಂಬರ ಪಾಠದಂತೆ, ಅಚೌರ್ಯ ಮಹಾವ್ರತವನ್ನು ದೃಢಪಡಿಸುವ ಐದು ಭಾವನೆಗಳನ್ನು ಹೇಳಿದೆ. ಶೂನ್ಯಾಗಾರ ಮತ್ತು ವಿಮೋಚಿತಾವಾಸಗಳು ಮೊದಲ ಎರಡು, ಪರೋಪರೋಧಾಕರಣ ಮೂರನೆಯದು. ಗುಹೆ, ಮರದ ಪೊಟರೆಗಳಂತಹ ಬರಿದಾದ ಎಡೆಗಳಲ್ಲಿ ಇರುವುದು. ಇತರರು ಬಿಟ್ಟುಕೊಟ್ಟ ಮನೆಗಳಲ್ಲಿ ಇರುವುದು. ಅಲ್ಲಿಗೆ ಬರುವ ಇತರರನ್ನು ತಡೆಯದಿರುವುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಜಾಡಿನಲ್ಲಿ ಈ ಪದಗಳನ್ನು ಬಿಡಿಸಿದರೆ ಬರುವ ಅರ್ಥವಿದು.

ಇಲ್ಲಿ ನನ್ನನ್ನು ಸದಾ ಸೆಳೆದಿರುವುದು ಈ ನಿಯಮಗಳ ಸ್ಥಾನ. ತಂಗುವ ಮನೆಯ ವಿಚಾರವನ್ನು ಸೂತ್ರಕಾರರು ಅಪರಿಗ್ರಹದ ಭಾಗದಲ್ಲಿ ಇಡಲಿಲ್ಲ, ಅಹಿಂಸೆಯ ಭಾಗದಲ್ಲಿಯೂ ಇಡಲಿಲ್ಲ; ಕಳವು ಮಾಡದಿರುವ ವ್ರತದ ಕೆಳಗೆ ಇಟ್ಟರು. ಮನೆಯೊಂದು ಬರಿದಾಗಿದೆ ಎಂದಮಾತ್ರಕ್ಕೆ ಅದು ಒಳಹೊಕ್ಕವನ ಸ್ವತ್ತಾಗುವುದಿಲ್ಲ. ಇತರರು ಬಿಟ್ಟ ಎಡೆಯಲ್ಲಿ ಇರಬಹುದು. ಆದರೆ "ಇದು ನನ್ನದು" ಎಂದು ಇನ್ನೊಬ್ಬನನ್ನು ತಡೆದ ಕ್ಷಣದಲ್ಲಿ ಆ ಇರುವಿಕೆ ಕಳವಿನ ಕಡೆಗೆ ಸರಿಯುತ್ತದೆ. ಯತಿಗಳಿಗಾಗಿ ಹೇಳಿದ ಮಾತನ್ನು ಬಾಡಿಗೆ ಕೊಟ್ಟು ತಂಗುವ ಗೃಹಸ್ಥನಿಗೆ ಯಥಾವತ್ತಾಗಿ ಹೊಂದಿಸಲಾಗದು ಎಂಬುದನ್ನು ಬಲ್ಲೆ. ಆದರೂ ಹಳೆಯ ಕಟ್ಟಡಗಳನ್ನು ಹೋಟೆಲುಗಳನ್ನಾಗಿ ಮಾಡುವ ಇಂದಿನ ಪದ್ಧತಿಯನ್ನು ತೂಗಿನೋಡಲು ಇದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ನನಗೆ ಕಂಡಿಲ್ಲ.

ಈಗ ಶಾಸನದ ವಿಚಾರಕ್ಕೆ ಬರೋಣ. ಕೋಲಾರ ಜಿಲ್ಲೆಯ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಚಿಕ್ಕಬಳ್ಳಾಪುರ 29ನೆಯ ಸಂಖ್ಯೆಯಾಗಿ ಅಚ್ಚಾಗಿರುವ ಗೋಪಿನಾಥ ಗುಡ್ಡದ ಬರಹವನ್ನು ಸುಮಾರು ಎಂಟನೆಯ ಶತಮಾನದ್ದೆಂದು ಗುರುತಿಸಲಾಗಿದೆ. ಗಿರಿಯ ಮೇಲಿನ ಅರ್ಹತ್ಪರಮೇಷ್ಠಿಯ ಚೈತ್ಯವನ್ನು ದಾಶರಥಿಯಾದ ರಾಮನು ಸ್ಥಾಪಿಸಿದನೆಂದೂ, ಮುಂದೆ ಪಾಂಡವರ ತಾಯಿ ಕುಂತಿ ಅದನ್ನು ಹೊಸದಾಗಿ ಮಾಡಿಸಿದಳೆಂದೂ ಅದು ಹೇಳುತ್ತದೆ. ಮಹರ್ಷಿಗಳ ವಾಸಕ್ಕೆ ತಕ್ಕ ಗುಹೆಗಳಿಂದ ಕೂಡಿದ ಪರ್ವತವೆಂದು ಈ ಗಿರಿಯನ್ನು ಕೊಂಡಾಡುತ್ತದೆ.

ರಾಮನೂ ಕುಂತಿಯೂ ಇಲ್ಲಿ ಕಟ್ಟಡ ಕಟ್ಟಿಸಿದರೆಂಬುದು ಪುರಾಣ, ಚರಿತ್ರೆಯಲ್ಲ. ಜೈನ ಪುರಾಣಗಳಲ್ಲಿ ರಾಮನು ಬಲಭದ್ರನಾದುದರಿಂದ ಅವನ ಹೆಸರು ಚೈತ್ಯವೊಂದರೊಂದಿಗೆ ಸೇರಿಕೊಂಡದ್ದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಬರಹದ ಮನೋಧರ್ಮವನ್ನು ಗಮನಿಸಬೇಕು. ಶಾಸನವನ್ನು ಬರೆಸಿದವರು ತಮ್ಮನ್ನು ಮೊದಲಿಗರೆಂದು ಭಾವಿಸಲಿಲ್ಲ. ತಮಗಿಂತ ಮುಂಚೆ ಒಬ್ಬ ಸ್ಥಾಪಕನಿದ್ದ, ಅವನ ಬಳಿಕ ಒಬ್ಬ ಜೀರ್ಣೋದ್ಧಾರಕಿ ಇದ್ದಳು. ತಾವು ಇರುವುದು ಬಂದವರ ಸಾಲಿನಲ್ಲಿ ಎಂದು ಅವರು ಬಂಡೆಯ ಮೇಲೆ ಬರೆಸಿದರು. ಹೆಸರುಗಳು ಪೌರಾಣಿಕವಾಗಿರಬಹುದು, ವಿನಯ ನಿಜವಾದದ್ದು. ಒಂದು ಎಡೆಯ ಬಗ್ಗೆ ಹೇಳುವಾಗ ಕಟ್ಟಿದವರನ್ನೂ ದುರಸ್ತಿ ಮಾಡಿದವರನ್ನೂ ಬೇರೆಬೇರೆಯಾಗಿ ಹೆಸರಿಸಬೇಕೆಂಬ ಅರಿವು ಈ ನೆರೆಯಲ್ಲಿ ಹನ್ನೆರಡು ಶತಮಾನಗಳಿಗೂ ಹಿಂದೆ ಇತ್ತು.

ನಮ್ಮ 'ಬಸದಿ' ಎಂಬ ಮಾತೂ ಇದನ್ನೇ ಹೇಳುತ್ತದೆ. ಅದು ಸಂಸ್ಕೃತದ 'ವಸತಿ'ಯ ತದ್ಭವ; ಇರುವ ಎಡೆ ಎಂಬುದೇ ಅದರ ಮೂಲಾರ್ಥ. ಕಾಲಾಂತರದಲ್ಲಿ ಅದು ಜಿನಾಲಯಕ್ಕೆ ಮೀಸಲಾಯಿತು. ತತ್ಸಮ ರೂಪವಾದ 'ವಸತಿ' ಇಂದು ವಸತಿಗೃಹದ ಫಲಕದ ಮೇಲೆ ಉಳಿದಿದೆ. ಒಂದೇ ಮಾತು ಒಂದು ಕಡೆ ದೇವಾಲಯವಾಗಿ, ಇನ್ನೊಂದು ಕಡೆ ಲಾಡ್ಜಾಗಿ ಕವಲೊಡೆದಿರುವುದು ಭಾಷೆಯ ವಿನೋದ. ಎರಡಕ್ಕೂ ತಂಗುವುದೇ ಮೂಲವೆಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಹಳೆಯ ಕಟ್ಟಡಗಳನ್ನು ಹೋಟೆಲುಗಳನ್ನಾಗಿ ಮಾಡುವುದೇ ತಪ್ಪೆಂದು ವಾದಿಸುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಬಳಕೆಯಿಲ್ಲದ ಕಟ್ಟಡ ಬೇಗ ಸಾಯುತ್ತದೆ. ಮಾಳಿಗೆಯ ನೀರು ಹೋಗುವ ತೂಬಿನಲ್ಲಿ ಎಲೆ ಕಟ್ಟಿಕೊಂಡರೆ ತೆಗೆಯುವವರಿಲ್ಲ. ಒಂದು ಹೆಂಚು ಒಡೆದರೆ ಒಂದು ಮಳೆಗಾಲದಲ್ಲಿ ತೊಲೆ ಕೊಳೆಯುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಬೇರೂರುತ್ತದೆ. ಶ್ರಾವಕರು ಊರು ಬಿಟ್ಟ ಬಳಿಕ ಪಾಳುಬಿದ್ದ ಬಸದಿಗಳನ್ನು ಕಂಡ ನನ್ನಂಥವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1921ರಲ್ಲಿ, ಚಾಮುಂಡಿಬೆಟ್ಟದ ಸಮೀಪ ಆರಂಭವಾದ ಲಲಿತಮಹಲ್ ಅರಮನೆ ಮೊದಲಿನಿಂದಲೂ ಅತಿಥಿಗಳಿಗಾಗಿಯೇ ಇದ್ದದ್ದು. 1974ರಲ್ಲಿ ಅದು ಹೋಟೆಲಾಯಿತು. ಉದಯಪುರದ ಪಿಚೋಲಾ ಸರೋವರದ ನಡುವಿನ ಜಗನಿವಾಸವೂ ಹೋಟೆಲಾದದ್ದರಿಂದ ಜನ ಓಡಾಡುವ ಕಟ್ಟಡವಾಗಿ ಉಳಿಯಿತು. ಸ್ಪೇನ್ ದೇಶದಲ್ಲಿ ಸರ್ಕಾರವೇ ಹಳೆಯ ಕೋಟೆಗಳನ್ನೂ ಕ್ರೈಸ್ತ ಮಠಗಳನ್ನೂ 'ಪರಾದೋರ್' ಎಂಬ ವಸತಿಗೃಹಗಳನ್ನಾಗಿ ನಡೆಸುತ್ತ ಬಂದಿದೆ. ಆ ಸಾಲಿನ ಮೊದಲನೆಯದು 1928ರಲ್ಲಿ ಗ್ರೇದೋಸ್ ಪರ್ವತಗಳಲ್ಲಿ ತೆರೆಯಿತು. ಗ್ರಾನಡಾದ ಅಲ್ಹಂಬ್ರಾದೊಳಗಿನ ಸನ್ಯಾಸಿಗಳ ಮಠವೊಂದು ಇಂದು ಅಂಥ ವಸತಿಗೃಹವಾಗಿದೆ. ಸಂಗ್ರಹಾಲಯವನ್ನಾಗಿ ಮಾಡಿ ಬೀಗ ಜಡಿಯುವುದಕ್ಕಿಂತ, ದಿನವೂ ಕಸ ಗುಡಿಸಿ ದೀಪ ಹಚ್ಚುವ ಜನರಿರುವ ವಸತಿ ಮೇಲು.

ಆದ್ದರಿಂದ ಚರ್ಚೆಯಾಗಬೇಕಾದುದು ಪರಿವರ್ತನೆಯ ರೀತಿಯನ್ನು ಕುರಿತು. ಈ ದೃಷ್ಟಿಯಿಂದ ನನಗೆ ನಾಲ್ಕು ಮಾತುಗಳು ಮುಖ್ಯವೆನಿಸುತ್ತವೆ.

ಮೊದಲನೆಯದು, ಹೆಸರುಗಳ ಸಾಲು. ಪಾರಂಪರಿಕ ಹೋಟೆಲುಗಳ ಪ್ರಚಾರದಲ್ಲಿ ಸಾಮಾನ್ಯವಾಗಿ ಒಂದೇ ಹೆಸರು ಮೆರೆಯುತ್ತದೆ: ಅಲ್ಲಿ ಮಲಗಿದ ಅತಿ ಪ್ರಸಿದ್ಧ ವ್ಯಕ್ತಿಯದು. ಒಮ್ಮೆ ನಾನು ತಂಗಿದ್ದ ಬೇರೊಂದು ನಾಡಿನ ಅರಮನೆ ಹೋಟೆಲಿನಲ್ಲಿ ವೈಸರಾಯ್ ಕುಳಿತ ಕುರ್ಚಿಗೆ ಹಿತ್ತಾಳೆಯ ಫಲಕವಿತ್ತು. ಆ ಕಟ್ಟಡವನ್ನು ಕಟ್ಟಿಸಿದವರ ವಿಚಾರವನ್ನು ಕೇಳಿದರೆ ಹೇಳಬಲ್ಲ ಒಬ್ಬರೂ ಇರಲಿಲ್ಲ. ಗಂಗರ ಬಿರುದು, ಶಾಸನದ ಚೈತ್ಯ, ಬಾಣರಾಣಿ, ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, ಕಬ್ಬನ್, ಗಾಂಧಿ — ಇವರಲ್ಲಿ ಯಾರೊಬ್ಬರನ್ನು ಮಾತ್ರ ಆರಿಸಿದರೂ ಉಳಿದವರಿಗೆ ಅನ್ಯಾಯ. ಕಲ್ಲು ಹೊತ್ತು ಮೇಲೇರಿಸಿದವರ, ಅಡುಗೆ ಮಾಡಿ ನೀರು ಸೇದಿದವರ ಹೆಸರುಗಳು ದೊರೆಯುವುದಿಲ್ಲ. ಅವರು ಇದ್ದರೆಂಬ ಒಂದು ಸಾಲನ್ನಾದರೂ ಬರೆಯಬಹುದು. ಗೋಪಿನಾಥ ಗುಡ್ಡದ ಶಾಸನಕಾರನಿಗೆ ಇದ್ದ ಪ್ರಜ್ಞೆ ನಮ್ಮ ಫಲಕಗಳಿಗೂ ಬರಲಿ.

ಎರಡನೆಯದು, ದಾರಿ. ಪರೋಪರೋಧಾಕರಣವೆಂಬ ಮಾತು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ನಿಸರ್ಗತಾಣದ ಅಂಚಿನಲ್ಲಿ ಕಟ್ಟಡವೊಂದು ಹೋಟೆಲಾದಾಗ ಮೊದಲು ಬೇಲಿ ಬರುತ್ತದೆ. ಬಳಿಕ ಅತ್ಯುತ್ತಮವಾದ ನೋಟ ಬೇಲಿಯ ಒಳಗೆ ಸೇರುತ್ತದೆ. ಕೊನೆಗೆ ಆ ನೋಟಕ್ಕೆ ದರ ನಿಗದಿಯಾಗುತ್ತದೆ. ಕೋಣೆಗೆ ಬಾಡಿಗೆ ಪಡೆಯುವುದು ನ್ಯಾಯ. ಹಾಸಿಗೆ, ಬಿಸಿನೀರು, ಊಟಗಳಿಗೆ ಬೆಲೆಯಿದೆ. ಸೂರ್ಯೋದಯವನ್ನು ಬಾಡಿಗೆಗೆ ಕೊಡುವ ಹಕ್ಕು ಯಾರಿಗೂ ಇಲ್ಲ. ಮುಂಜಾನೆ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಹಿಂತಿರುಗುವ ವಿದ್ಯಾರ್ಥಿಗೂ ಆ ಜಗಲಿಯವರೆಗೆ ಬರುವ, ಆ ಗೋಡೆಯ ಮೇಲಿನ ಹೆಸರುಗಳನ್ನು ಓದುವ ಅವಕಾಶವಿರಬೇಕು. ಹಗಲಿನ ಒಂದೆರಡು ಗಂಟೆ ನಡುಮನೆಯನ್ನು ಎಲ್ಲರಿಗೂ ತೆರೆದಿಟ್ಟರೆ ಯಾವ ವಸತಿಗೃಹವೂ ನಷ್ಟಕ್ಕೆ ಬೀಳದು.

ಮೂರನೆಯದು, ಜೀರ್ಣೋದ್ಧಾರದ ಮಿತಿ. ದಾನಕ್ಕಿಂತ ಪಾಲನೆಯೇ ಹೆಚ್ಚೆಂಬ ಭಾವ ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆಮತ್ತೆ ಬರುತ್ತದೆ. ಪಾಲನೆಯೆಂದರೆ ಇದ್ದುದನ್ನು ಇದ್ದಂತೆ ಉಳಿಸುವುದು. ಹಳೆಯ ಗೋಡೆಗಳಿಗೆ ಸುಣ್ಣದ ಗಾರೆ ಬಳಿದಿರುತ್ತಾರೆ; ಆ ಗಾರೆ ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಬಿಸಿಲುಗಾಲದಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದು ಎಣ್ಣೆಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು, ಕೆಲವೇ ವರ್ಷಗಳಲ್ಲಿ ಗೋಡೆ ಹೊಪ್ಪಳಿಸುತ್ತದೆ. ವರ್ಷದ ಬಹುಭಾಗ ಮಂಜಿನಲ್ಲಿ ನೆನೆಯುವ ಬೆಟ್ಟದ ನೆತ್ತಿಯ ಮೇಲಂತೂ ಈ ತಪ್ಪಿಗೆ ಕ್ಷಮೆಯಿಲ್ಲ. ಸ್ನಾನಗೃಹಕ್ಕಾಗಿ ಗೋಡೆ ಕೊರೆಯುವುದು, ಎತ್ತರದ ಮಾಳಿಗೆಯನ್ನು ಹುಸಿಚಾವಣಿಯಿಂದ ಮುಚ್ಚುವುದು, ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕುವುದು — ಇವೆಲ್ಲ ಅತಿಥಿಯ ಸೌಕರ್ಯದ ಹೆಸರಿನಲ್ಲಿ ನಡೆಯುತ್ತವೆ. ಅತಿಥಿಯು ಇವನ್ನು ಕೇಳದಿದ್ದರೆ ಆಗುವುದೂ ಕಡಿಮೆ.

ಆದ್ದರಿಂದ ನಾಲ್ಕನೆಯ ಮಾತು ಅತಿಥಿಗೇ ಸಲ್ಲಬೇಕು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಬರುವ ಹತ್ತು ಸ್ಥಿತಿಕಲ್ಪಗಳಲ್ಲಿ ಒಂದು ಶಯ್ಯಾಧರ ಪಿಂಡತ್ಯಾಗ: ತಂಗಲು ಎಡೆ ಕೊಟ್ಟವನ ಮನೆಯ ಆಹಾರವನ್ನು ಯತಿಯು ಸ್ವೀಕರಿಸಬಾರದು. ಈ ನಿಯಮಕ್ಕೆ ವ್ಯಾಖ್ಯಾನಕಾರರು ಹೇಳುವ ಕಾರಣಗಳು ಹಲವು. ನನಗೆ ಇದರಲ್ಲಿ ಕಾಣುವುದು ಒಂದು ಲೋಕವಿವೇಕ: ಇರಲು ಜಾಗ ಕೊಟ್ಟವನಿಂದ ಉಳಿದೆಲ್ಲವನ್ನೂ ಪಡೆಯಬಾರದು. ಇಲ್ಲಿ ನಮಗೆ ಎಡೆ ಕೊಟ್ಟಿರುವುದು ಆ ಬೆಟ್ಟ. ಅರ್ಕಾವತಿ, ಪಿನಾಕಿನಿ, ಪಾಲಾರ್ ನದಿಗಳ ಉಗಮವನ್ನು ನಾವು ಗುರುತಿಸುವುದು ಈ ಗಿರಿಶ್ರೇಣಿಯಲ್ಲಿ. ಆದರೂ ನೆತ್ತಿಯ ಮೇಲೆ ನೀರು ಅಪಾರವಾಗಿಲ್ಲ. ಅಮೃತಸರೋವರವೆಂಬ ಕಲ್ಯಾಣಿಯ ಹೆಸರೇ ಅಲ್ಲಿ ನೀರಿಗಿದ್ದ ಬೆಲೆಯನ್ನು ಸೂಚಿಸುತ್ತದೆ. ಅಂಥ ಕಡೆ ನಗರದ ತಾರಾಹೋಟೆಲಿನ ಸ್ನಾನವನ್ನೂ, ಇರುಳಿಡೀ ಉರಿಯುವ ದೀಪಗಳನ್ನೂ, ಹುಲ್ಲುಹಾಸಿನ ಮೇಲಿನ ಅಬ್ಬರದ ಹಾಡನ್ನೂ ನಿರೀಕ್ಷಿಸುವವನು ಆತಿಥ್ಯದ ಎಲ್ಲೆಯನ್ನು ಮೀರಿದವನು. 1927ರಲ್ಲಿ ಗಾಂಧೀಜಿ ಇಲ್ಲಿ ಪಡೆದದ್ದು ತಂಪು ಗಾಳಿ ಮತ್ತು ಮೌನ. ಅವರ ಹೆಸರಿನ ಮನೆಯಲ್ಲಿ ತಂಗುವವನು ಅದಕ್ಕಿಂತ ಹೆಚ್ಚಿನದನ್ನು ಕೇಳುವ ಮುನ್ನ ಒಮ್ಮೆ ಯೋಚಿಸಬೇಕು.

ಇಷ್ಟನ್ನು ಹೇಳಿದ ಮೇಲೆ, ಇದೇ ಅಳತೆಗೋಲನ್ನು ನನ್ನತ್ತ ತಿರುಗಿಸದಿದ್ದರೆ ಅಪ್ರಾಮಾಣಿಕತೆಯಾದೀತು. ಜೈನ ಸಂಶೋಧಕರಾದ ನಮಗೆ ಒಂದು ದೌರ್ಬಲ್ಯವಿದೆ. ಯಾವ ಬೆಟ್ಟದಲ್ಲಿ ಒಂದು ಚೈತ್ಯದ ಉಲ್ಲೇಖ ಸಿಕ್ಕಿದರೂ, ಈ ಬೆಟ್ಟ ಮೂಲತಃ ನಮ್ಮದು ಎಂದು ಬರೆಯುವ ಹಂಬಲ. ನಂದಿಯ ವಿಷಯದಲ್ಲಂತೂ ಅದು ಇನ್ನೂ ಸುಲಭ: ನಂದಿಸಂಘವಿತ್ತು, ಸಿಂಹನಂದಿಗಳಿದ್ದರು, ಪದ್ಮನಂದಿಗಳಿದ್ದರು, ಹೆಸರಿನ ಹೋಲಿಕೆಯೊಂದೇ ಸಾಕು, ಪ್ರಬಂಧ ಸಿದ್ಧವಾಗುತ್ತದೆ. ಆದರೆ ಶಾಸನ ಹೇಳುವುದು ಇಷ್ಟೇ: ಈ ಗಿರಿಪ್ರದೇಶದಲ್ಲಿ ಒಂದು ಕಾಲಕ್ಕೆ ಅರ್ಹಂತರ ಚೈತ್ಯವಿತ್ತು, ಋಷಿಗಳು ವಾಸಿಸತಕ್ಕ ಗುಹೆಗಳಿದ್ದವು. ಆ ಋಷಿಗಳು ಗುಹೆಯನ್ನು ಸ್ವತ್ತೆಂದು ಬಗೆದವರಲ್ಲ. ಮಳೆಗಾಲ ಕಳೆದ ಮೇಲೆ ಎದ್ದು ಹೋಗುವ ವ್ರತವುಳ್ಳವರು. ಅವರ ಹೆಸರಿನಲ್ಲಿ ಬೆಟ್ಟದ ಒಡೆತನವನ್ನು ಸಾಧಿಸಲು ಹೊರಡುವುದು ಅವರ ವ್ರತಕ್ಕೇ ವಿರುದ್ಧ. ಇತಿಹಾಸವನ್ನು ಬೇಲಿಯನ್ನಾಗಿ ಮಾಡಿಕೊಳ್ಳುವ ವಿದ್ವಾಂಸನಿಗೂ ನೋಟವನ್ನು ಬೇಲಿಯೊಳಗೆ ಸೇರಿಸುವ ಹೋಟೆಲಿಗನಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಪದರಗಳಲ್ಲಿ ನಮ್ಮದೂ ಒಂದು ಎಂದು ಹೇಳೋಣ. ಅಡಿಪಾಯವೇ ನಮ್ಮದೆಂದು ಹೇಳುವುದು ಬೇಡ.

ಬೆಟ್ಟಕ್ಕೆ ಬರುವವರ ಸಂಖ್ಯೆ ಹೆಚ್ಚುತ್ತಿದೆ. ರೋಪ್‌ವೇಯ ಯೋಜನೆಯೂ ಇದೆ. ಜನ ಹೆಚ್ಚಿದಂತೆ ಕೋಣೆಗಳ ಬೇಡಿಕೆಯೂ ಹೆಚ್ಚುತ್ತದೆ. ಹಳೆಯ ಬಂಗಲೆಗಳ ಮೇಲಿನ ಒತ್ತಡವೂ ಹೆಚ್ಚುತ್ತದೆ. ಆಗ ಅವುಗಳನ್ನು ಹೇಗೆ ನಡೆಸಬೇಕೆಂಬ ನಿರ್ಧಾರವನ್ನು ಇಂಜಿನಿಯರುಗಳಿಗೂ ವ್ಯಾಪಾರಿಗಳಿಗೂ ಮಾತ್ರ ಬಿಡದೆ, ಶಾಸನ ಓದಬಲ್ಲವರೂ ಮಾತಾಡಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ: ಮುಂದಿನ ಸಲ ನಂದಿಗೆ ಹೋಗುವಾಗ ಹತ್ತನೆಯ ಸಂಪುಟದಿಂದ ಆ ಶಾಸನದ ಪಾಠವನ್ನು ಬರೆದುಕೊಂಡು ಹೋಗಿ. ಸೂರ್ಯೋದಯ ಹೇಗೂ ಆಗುತ್ತದೆ. ಅದಾದ ಮೇಲೆ ಅರ್ಧ ಗಂಟೆ ಕುಳಿತು ಓದಿ.

ಆ ಹುಡುಗ ಮತ್ತೆ ಸಿಕ್ಕಿದರೆ ಈಗ ಕೊಡಬೇಕಾದ ಉತ್ತರ ನನಗೆ ಗೊತ್ತಿದೆ. ಇದು ಹಲವರು ಇದ್ದು ಬಿಟ್ಟುಹೋದ ಮನೆಯಪ್ಪ. ಮೊದಲಿನವರ ಹೆಸರು ಹೇಳುತ್ತೇನೆ, ಒಳಗೆ ಬಂದು ಕುಳಿತುಕೋ ಎನ್ನಬೇಕಾಗಿತ್ತು. ಅಂದು ಹಾಗೆನ್ನದೆ ಬಾಗಿಲಲ್ಲೇ ನಿಂತು ಮಾತು ಮುಗಿಸಿದೆ. ಪರೋಪರೋಧವೆಂಬುದು ಕೆಲವೊಮ್ಮೆ ಇಷ್ಟು ಸಣ್ಣದಾಗಿಯೂ ನಡೆದುಬಿಡುತ್ತದೆ.